‘ರೆಡಿ ಮಾಡಿಸಿ ಕೊಡ್ತೀನಿ’ ಅನ್ನುವ ಕಾರು ಬೇಡ

(ಉತ್ತರಿಸುವವರು: ಬಳ್ಳಾರಿಯಲ್ಲಿ 26 ವರ್ಷದಿಂದ ಕಾರುಗಳ ಟಿಂಕರಿಂಗ್ ಶೆಡ್ ನಡೆಸುತ್ತಿರುವವರು)

ಪ್ರಶ್ನೆ: 2019ರ ಸಣ್ಣ ಕಾರೊಂದನ್ನು ನೋಡಿದ್ದೇನೆ. ಮುಂದೆ ಎಡಗಡೆ ಆಕ್ಸಿಡೆಂಟ್ ಆಗಿ ಏಪ್ರನ್ (ಎಂಜಿನ್ನಿನ ಪಕ್ಕ, ಚಕ್ರದ ಮೇಲಿನ ಒಳತಗಡು) ಬಾಗಿದೆ. ಮಾರುವವರು ‘ಅಡ್ವಾನ್ಸ್ ಕೊಡಿ, ಪೂರ್ತಿ ರೆಡಿ ಮಾಡಿಸಿ ಕೊಡ್ತೀನಿ’ ಅಂತಿದ್ದಾರೆ. ಒಪ್ಪಬಹುದಾ?
– ಸಿರುಗುಪ್ಪದ ಓದುಗರು

ಬೇಡ. ಈ ತಿಂಗಳಲ್ಲೇ ಇದು ನಾಲ್ಕನೇ ಸಲ ಕೇಳುತ್ತಿರುವ ಪ್ರಶ್ನೆ.

ಅವರು ಮೋಸಗಾರರು ಅಂತ ಹೇಳುತ್ತಿಲ್ಲ. ಆದರೆ ನಾಳೆ ಕೈಬಿಟ್ಟು ಹೋಗುವ ಗಾಡಿಗೆ ಯಾರಾದರೂ ಎಷ್ಟು ದುಡ್ಡು ಹಾಕ್ತಾರೆ? ಬಣ್ಣಕ್ಕೆ ಹಾಕ್ತಾರೆ, ಬಣ್ಣದ ಕೆಳಗಿನ ಕೆಲಸಕ್ಕೆ ಹಾಕಲ್ಲ. ಮುರಿದ ಗಾಡಿಯನ್ನು ಮುರಿದ ಹಾಗೇ ನೋಡಿದರೆ ಬೆಲೆ ಕಟ್ಟಬಹುದು. ಪುಟ್ಟಿ ಬಳಿದು ಪೇಂಟ್ ಹೊಡೆದ ಮೇಲೆ ನನಗೂ ಅರ್ಧ ಊಹೆಯೇ.

ಎಂಜಿನ್ನಿನ ಎರಡೂ ಪಕ್ಕದಲ್ಲಿ ಮುಂದಕ್ಕೆ ಚಾಚಿದ ಉದ್ದನೆಯ ಉಕ್ಕಿನ ತೊಲೆ ಇರುತ್ತದೆ. ಶೆಡ್ಡಿನಲ್ಲಿ ಚಾಸಿ ಅನ್ನುವುದು ಅದಕ್ಕೇ. ಗುದ್ದಿದಾಗ ಅದು ಲೆಕ್ಕದ ಪ್ರಕಾರ ಮಡಚಿಕೊಳ್ಳಬೇಕು. ಆಗಲೇ ಹೊಡೆತ ನಿಮ್ಮ ಮೊಣಕಾಲಿನವರೆಗೆ ಬರುವುದಿಲ್ಲ, ಏರ್‌ಬ್ಯಾಗ್ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಇದನ್ನು ಗ್ಯಾಸ್ ಬತ್ತಿಯಲ್ಲಿ ಕೆಂಪಗೆ ಕಾಯಿಸಿ, ಚೈನ್ ಕಟ್ಟಿ ಎಳೆದು ‘ನೆಟ್ಟಗಾಯ್ತು ಸಾರ್’ ಅನ್ನುವವರು ಊರಿಗೆ ಹತ್ತು ಜನ ಇದ್ದಾರೆ. ಕುಡುಗೋಲನ್ನು ಒಲೆಗೆ ಹಾಕಿ ತೆಗೆದರೆ ಹದ ಉಳಿಯುತ್ತದಾ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಹಲವು ಹೊಸ ಕಾರುಗಳಲ್ಲಿ ಬಾಗಿಲ ನಡುವಿನ ಪಿಲ್ಲರ್ ಬೋರಾನ್ ಉಕ್ಕಿನದು. ಮಾಮೂಲಿ ತಗಡಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಕಾಯಿಸಿದರೆ ಆ ಗಟ್ಟಿತನ ಹೋಯಿತು. ಅದನ್ನು ನೆಟ್ಟಗೆ ಮಾಡುವುದಲ್ಲ, ಬದಲಿಸುವುದು.

ಹೋದ ವರ್ಷ ಒಂದು ಕಾರು ಬಂತು. ಬಣ್ಣ ಕನ್ನಡಿ ಹಾಗಿತ್ತು. ‘ಎಡಕ್ಕೆ ಎಳೆಯುತ್ತೆ’ ಅಷ್ಟೇ ದೂರು. ಬಂಪರ್ ಬಿಚ್ಚಿದೆ. ಚಾಸಿಯ ಒಳಮೈ ಸುಟ್ಟು ನೀಲಿ ತಿರುಗಿತ್ತು, ಮೇಲೊಂದು ತಗಡಿನ ತೇಪೆ. ಹೊಸ ಟೈರು 4,000 ಕಿಲೋಮೀಟರಿಗೇ ಒಳಅಂಚು ಸವೆದು ತಂತಿ ಕಾಣುತ್ತಿತ್ತು. ತಗೊಂಡವರು ಮೇಷ್ಟ್ರು. ಏನು ಹೇಳಬೇಕೋ ತಿಳಿಯದೆ ಟೀ ತರಿಸಿದೆ.

ನೀವು ಮಾಡಬೇಕಾದ್ದು ಇಷ್ಟು. ಗಾಡಿಯನ್ನು ಈಗಿರುವ ಸ್ಥಿತಿಯಲ್ಲೇ ಲಿಫ್ಟ್ ಮೇಲೆ ಏರಿಸಿ. ಬಾಗಿಲ ರಬ್ಬರ್ ಬೀಡಿಂಗ್ ಕಿತ್ತು ನೋಡಿ. ಕಂಪನಿಯ ಸ್ಪಾಟ್ ವೆಲ್ಡಿಂಗ್ ತೊಗರಿಬೇಳೆ ಅಗಲದ ಗುಳಿಗಳಾಗಿ, ಸಮ ದೂರದಲ್ಲಿ ಸಾಲಾಗಿರುತ್ತದೆ. ಗುಳಿ ಇಲ್ಲದೆ ನುಣ್ಣಗಿದ್ದರೆ ಯಾರೋ ಕೈಯಾಡಿಸಿದ್ದಾರೆ. ಬಾನೆಟ್ ಎತ್ತಿ ಟೇಪಿನಲ್ಲಿ ಮೂಲೆಯಿಂದ ಮೂಲೆಗೆ, ಎರಡೂ ಕಡೆಯ ಒಂದೇ ಜಾತಿಯ ಬೋಲ್ಟುಗಳ ನಡುವೆ ಅಳೆಯಿರಿ. ಎರಡು ಅಳತೆ ಒಂದೇ ಬರಬೇಕು. ಪಿಲ್ಲರ್, ನೆಲದ ತಗಡು ಸುಕ್ಕಾಗಿದ್ದರೆ ಚೌಕಾಸಿಗೆ ನಿಲ್ಲಬೇಡಿ, ಎದ್ದು ಬನ್ನಿ. ಏಪ್ರನ್, ಚಾಸಿ ತುದಿ ಮಾತ್ರ ಹೋಗಿದ್ದರೆ ಹೊಸ ಪಾರ್ಟ್ ಹಾಕಿ, ಕಂಪನಿಯ ಜೋಡಣೆ ಇದ್ದಲ್ಲೇ ವೆಲ್ಡ್ ಮಾಡಿ, ಬೆಂಚ್ (ಗಾಡಿಯನ್ನು ಬಿಗಿದು ನಿಲ್ಲಿಸುವ ಚೌಕಟ್ಟು) ಮೇಲೆ ಅಳತೆ ಹಿಡಿಯುವ ಕಡೆ ಎಸ್ಟಿಮೇಟ್ ಬರೆಸಿ. ಆ ಮೊತ್ತವನ್ನು ಬೆಲೆಯಲ್ಲಿ ಮುರಿದುಕೊಂಡು, ರಿಪೇರಿ ನಿಮ್ಮ ಕಣ್ಣೆದುರು ಮಾಡಿಸಿ. ಮಾರುವವರು ಇದಕ್ಕೆ ಒಪ್ಪಲಿಲ್ಲ ಅಂದರೆ ಕಾರಣ ಇರುತ್ತೆ. ನಾನಾಗಿದ್ದರೆ ಹೀಗೆ ಸರಿಯಾಗಿ ರಿಪೇರಿ ಆಗುವ ಗಾಡಿಯನ್ನೂ ತಗೊಳ್ಳುತ್ತಿರಲಿಲ್ಲ. ಭಯ ಅಂದುಕೊಳ್ಳಿ ಬೇಕಾದರೆ.

ಪ್ರಶ್ನೆ: ವೀಲ್ ಅಲೈನ್‌ಮೆಂಟ್ ರಿಪೋರ್ಟ್ ಸರಿ ಬಂದಿದೆ. ಚಾಸಿ ಸರಿ ಇದೆ ಅಂತ ಅಲ್ವಾ?

ಅಲ್ಲ. ಚಾಸಿ ಸೊಟ್ಟಗಿದ್ದರೂ ಸ್ಟೀರಿಂಗಿನ ರಾಡ್ ತಿರುಗಿಸಿ ಚಕ್ರ ನೆಟ್ಟಗೆ ಮಾಡಬಹುದು.

ಪ್ರಶ್ನೆ: ಟೋಟಲ್ ಲಾಸ್ ಆದ ಗಾಡಿ ತುಂಬಾ ಕಡಿಮೆಗೆ ಸಿಗ್ತಿದೆ.

ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) 75 ಪರ್ಸೆಂಟ್ ದಾಟಿದೆ ಅಂತ ಇನ್ಶೂರೆನ್ಸಿನವರು ಕೈಬಿಟ್ಟಿದ್ದು. ನಿಮ್ಮದು ಯಾವ ಲೆಕ್ಕ?

ಪ್ರಶ್ನೆ: ಹುಲಿಗೆಮ್ಮನ ಹತ್ತಿರ ಪೂಜೆ ಮಾಡಿಸಿದರೆ ಆಕ್ಸಿಡೆಂಟ್ ಗಾಡಿಯ ದೋಷ ಹೋಗುತ್ತಾ?

ಮಾಡಿಸಿ, ನಾನೂ ಮಾಡಿಸ್ತೀನಿ. ಲಿಫ್ಟಿನಿಂದ ಇಳಿದ ಮೇಲೆ.

ಪ್ರಶ್ನೆ: ಏರ್‌ಬ್ಯಾಗ್ ಲೈಟ್ ಉರಿಯುತ್ತಿಲ್ಲ. ಹಾಗಾದರೆ ಏರ್‌ಬ್ಯಾಗ್ ಚೆನ್ನಾಗಿದೆಯಾ?

ಕೀ ತಿರುಗಿಸಿದಾಗ ಅದು ಹೊತ್ತಿ, ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಹೊತ್ತಲೇ ಇಲ್ಲ ಅಂದರೆ ಲೈಟನ್ನೇ ಕಿತ್ತಿರಬಹುದು. ಬೇರೊಂದು ಲೈಟಿನ ಜೊತೆಗೇ ಆರಿದರೆ ವೈರು ಜೋಡಿಸಿರಬಹುದು. ಸೀಟ್ ಬೆಲ್ಟನ್ನೂ ಪೂರ್ತಿ ಎಳೆದು ಬಿಡಿ. ವಾಪಸ್ ಸುತ್ತಿಕೊಳ್ಳದೆ ಗಟ್ಟಿಯಾಗಿ ನಿಂತರೆ ಆ ಗಾಡಿ ಒಮ್ಮೆ ಜೋರಾಗಿಯೇ ಗುದ್ದಿರುವ ಸಾಧ್ಯತೆ ಜಾಸ್ತಿ.