ಪ್ರೆಸ್ ಇಲ್ಲದಿದ್ದರೂ ಅಚ್ಚು ತೆಗೆಯಬಹುದು

ಕಾಸರಗೋಡಿನ ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಮನೆಗಳ ಬಗ್ಗೆ ಲಿನೋಕಟ್ (ಲಿನೋಲಿಯಂ ಹಾಳೆ ಕೊರೆದು ತೆಗೆಯುವ ಅಚ್ಚುಚಿತ್ರ) ಮಾಡಬೇಕು, ಅಚ್ಚೊತ್ತುವ ಪ್ರೆಸ್ ಇಲ್ಲ, ಯಾರ ಕೆಲಸ ನೋಡಲಿ ಅಂತ ಕೇಳಿದ್ದೀರಿ. ಪ್ರೆಸ್ ಬೇಡ. ಶಾಯಿ ಹಚ್ಚಿದ ಲಿನೋ ಮೇಲೆ ತೆಳು ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ನಿಧಾನವಾಗಿ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ, ಮಸುಕಿದ್ದಲ್ಲಿ ಮತ್ತೆ ಉಜ್ಜಿ.

ನೋಡಲೇಬೇಕಾದವರು ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್. 1914ರಲ್ಲಿ ಯುದ್ಧಕ್ಕೆ ಹೋದ ಮಗನನ್ನು ಕಳೆದುಕೊಂಡವರು. ಅವರ ಒಂದು ಮರದಚ್ಚಿನಲ್ಲಿ ತಾಯಂದಿರು ಒತ್ತೊತ್ತಾಗಿ ತಬ್ಬಿ ನಿಂತಿದ್ದಾರೆ, ನಡುವೆ ಮಕ್ಕಳ ಮುಖ ಇಣುಕುತ್ತದೆ. ಬಂದೂಕು ಒಂದೂ ಇಲ್ಲ! ನಮ್ಮಲ್ಲಿ ಕಲಾವಿದ ಚಿತ್ತಪ್ರಸಾದ್ ಇದ್ದರು, 1943ರ ಬಂಗಾಳದ ಬರಗಾಲವನ್ನು ಊರೂರು ಅಲೆದು ಚಿತ್ರಿಸಿದವರು.

ನೀವೂ ಮೊದಲು ಆ ಮನೆಗಳ ಜಗಲಿಯಲ್ಲಿ ಕೂತು ಮಾತಾಡಿ, ಅವರ ಒಪ್ಪಿಗೆ ಕೇಳಿ. ಗೇರು ತೋಟದ ಮೇಲೆ ಆ ವಿಷ ಸಿಂಪಡಿಸುತ್ತ ಹಾರಿದ ಹೆಲಿಕಾಪ್ಟರ್ ಆಮೇಲೆ ನೋಡೋಣ, ಮಗುವನ್ನು ಎತ್ತಿಕೊಂಡ ಅಮ್ಮನ ಕೈ ಮೊದಲು ಕೊರೆಯಿರಿ.