ಓಟದ ಶೂ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಓಡಿ ನೋಡಬೇಕಾ? ನಿಂತು ನೋಡಿದರೆ ಸಾಲದಾ?

ಓಡಿಯೇ ನೋಡಬೇಕು. ನಿಂತಾಗ ಸರಿಯೆನಿಸಿದ ಶೂ ಓಡುವಾಗ ಬಿಗಿಯಾಗಬಹುದು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಸುಮಾರು 2ರಿಂದ 3 ಪಟ್ಟು ಭಾರ ಒಂದೇ ಪಾದದ ಮೇಲೆ ಬೀಳುತ್ತದೆ. ಆಗ ಪಾದದ ಕಮಾನು ತಗ್ಗಿ, ಪಾದ ಉದ್ದಕ್ಕೂ ಅಗಲಕ್ಕೂ ಸ್ವಲ್ಪ ಹರಡಿಕೊಳ್ಳುತ್ತದೆ. ಅದಕ್ಕೇ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನಗಲ ಜಾಗ ಇರಬೇಕು. ಇಲ್ಲದಿದ್ದರೆ ಬೆರಳು ಶೂಗೆ ತಾಗಿ ತಾಗಿ ಉಗುರು ಕಪ್ಪಾಗಬಹುದು. ನನಗೆ ಆಗಿತ್ತು, ಆ ಕಪ್ಪು ತಿಂಗಳುಗಟ್ಟಲೆ ಹೋಗಲಿಲ್ಲ.

ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಳ್ಳಿ. ಲೇಸ್ ಕಟ್ಟಿ ಒಂದೆರಡು ನಿಮಿಷ ಓಡಿ. ಹಿಮ್ಮಡಿ ಜಾರಬಾರದು, ಕಿರುಬೆರಳ ಹತ್ತಿರ ಉಜ್ಜಬಾರದು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ, ಬೇರೆ ಜೋಡಿ ಕೇಳಿ.