ಸಂಪಾದಕರ ಉತ್ತರ: ರಸ್ತೆಯ ಲೆಕ್ಕದಲ್ಲಿ ಬರೆದ ಚರಿತ್ರೆ

ಮಾನ್ಯರೇ,

ಅಮೆರಿಕದಲ್ಲಿ 1930ರ ದಶಕದಲ್ಲಿ ಹೊರಬಂದ ರಾಜ್ಯವಾರು ಮಾರ್ಗದರ್ಶಿ ಗ್ರಂಥಗಳನ್ನು ಕುರಿತು ನಮ್ಮ ಪತ್ರಿಕೆ ಪ್ರಕಟಿಸಿದ ಲೇಖನಕ್ಕೆ ಇಲಿನಾಯ್ ರಾಜ್ಯದಿಂದ ತಾವು ಬರೆದ ದೀರ್ಘ ಪ್ರತಿಕ್ರಿಯೆ ತಲುಪಿದೆ. ಲೇಖನ ಓದಿದ ಉತ್ಸಾಹದಲ್ಲಿ ತಾವು ಗ್ರಂಥಾಲಯವೊಂದರ ಹಳೆಯ ಪುಸ್ತಕಗಳ ಮಾರಾಟದಲ್ಲಿ 1939ರ ಇಲಿನಾಯ್ ಮಾರ್ಗದರ್ಶಿಯನ್ನು ಕೊಂಡು ಓದಿ ನಿರಾಶರಾದಿರೆಂದು ತಿಳಿಸಿದ್ದೀರಿ. ಪುಸ್ತಕಕ್ಕೆ ಲೇಖಕರ ಹೆಸರೇ ಇಲ್ಲ. ಅದರ ದೊಡ್ಡ ಭಾಗ ಎಷ್ಟು ಮೈಲಿಗೆ ಯಾವ ಊರು ಎಂಬ ಪಟ್ಟಿಯಲ್ಲೇ ಮುಗಿದುಹೋಗುತ್ತದೆ. ಸರ್ಕಾರದ ಅನ್ನ ತಿಂದು ಬರೆದವರು ಸರ್ಕಾರದ ರಾಗವನ್ನಲ್ಲದೆ ಬೇರೇನು ಹಾಡಿಯಾರು ಎಂಬುದು ತಮ್ಮ ಆಕ್ಷೇಪ. ಇದನ್ನು ‘ಜನರ ಚರಿತ್ರೆ’ ಎಂದು ಕರೆಯುವ ಬದಲು ನಮ್ಮ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರನ್ನು ಮಾದರಿಯಾಗಿ ತೋರಿಸಬಹುದಿತ್ತಲ್ಲವೇ ಎಂದೂ ಕೇಳಿದ್ದೀರಿ. ಲೇಖನದ ಅಭಿಪ್ರಾಯದಲ್ಲಿ ನನ್ನ ಸಹಮತವೂ ಇದ್ದುದರಿಂದ ಉತ್ತರಿಸುವ ಹೊಣೆ ನನ್ನದು.

ಮೊದಲು ಹೆಸರಿಲ್ಲದಿರುವ ವಿಚಾರ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರವು ನಿರುದ್ಯೋಗಿಗಳಿಗೆ ಕೆಲಸ ಕೊಡಲು ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆಯನ್ನು ತೆರೆಯಿತು. ರಸ್ತೆ, ಸೇತುವೆ, ಶಾಲೆಗಳ ಕಾಮಗಾರಿಯೇ ಅದರ ಮುಖ್ಯ ಕೆಲಸವಾಗಿದ್ದರೂ, ಗುದ್ದಲಿ ಹಿಡಿಯಲಾರದ ಓದುಬರಹದ ಮಂದಿಯೂ ಹಸಿದಿದ್ದಾರೆ ಎಂಬ ಅರಿವಿನಿಂದ ಅದೇ ಇಲಾಖೆಯಡಿ, ಈ ಮಾರ್ಗದರ್ಶಿಗಳನ್ನು ಸಿದ್ಧಪಡಿಸಿದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಬರಹಗಾರರ ಯೋಜನೆ ಆರಂಭವಾಯಿತು. ಹೆನ್ರಿ ಆಲ್ಸ್‌ಬರ್ಗ್ ಅದರ ನಿರ್ದೇಶಕರಾದರು. ಅದು ಉಚ್ಛ್ರಾಯದಲ್ಲಿದ್ದಾಗ ಆರು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ಮಂದಿ ತಾವು ನಿರ್ಗತಿಕರೆಂದು ಸಾಬೀತುಪಡಿಸಿ ಪರಿಹಾರದ ಪಟ್ಟಿಗೆ ಸೇರಿದವರು. ಕೆಲಸ ಕಳೆದುಕೊಂಡ ಉಪಾಧ್ಯಾಯರು, ಪತ್ರಕರ್ತರು, ಗ್ರಂಥಪಾಲಕರು, ಕಕ್ಷಿಗಾರರಿಲ್ಲದ ವಕೀಲರು. ಊರೂರು ಸುತ್ತಿದವರ ಟಿಪ್ಪಣಿಗಳು ರಾಜ್ಯದ ಕಚೇರಿಗೆ ಬಂದು, ಅಲ್ಲಿ ತಿದ್ದಿಸಿಕೊಂಡು ವಾಷಿಂಗ್ಟನ್ನಿಗೆ ಹೋಗಿ, ಅಲ್ಲಿಂದ ಮತ್ತೆ ಪ್ರಶ್ನೆಗಳ ಸಮೇತ ಹಿಂದಿರುಗುತ್ತಿದ್ದವು. ಒಂದು ಪುಟದಲ್ಲಿ ಇಷ್ಟು ಕೈಗಳು ಆಡಿದ ಮೇಲೆ ಯಾರ ಹೆಸರು ಹಾಕಬೇಕು?

ಹಾಗೆಂದು ಆ ಕೈಗಳೆಲ್ಲ ಸಾಮಾನ್ಯವಾದವುಗಳೂ ಆಗಿರಲಿಲ್ಲ. ತಮ್ಮ ಇಲಿನಾಯ್ ಕಚೇರಿಯನ್ನೇ ನೋಡಿ. ರಿಚರ್ಡ್ ರೈಟ್, ನೆಲ್ಸನ್ ಆಲ್ಗ್ರೆನ್, ಮಾರ್ಗರೆಟ್ ವಾಕರ್, ಆರ್ನಾ ಬಾಂಟೆಂಪ್ಸ್, ಸ್ಟಡ್ಸ್ ಟರ್ಕಲ್ ಮುಂತಾಗಿ ಅಮೆರಿಕದ ಹೆಸರಾಂತ ಲೇಖಕರೆಲ್ಲ ಅಲ್ಲಿ ಸಂಬಳ ಪಡೆದವರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಸಾಲ್ ಬೆಲೊ ಅಲ್ಲಿ ಮಾಡುತ್ತಿದ್ದುದು ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿ ಕುಳಿತು ಮಧ್ಯಪಶ್ಚಿಮದ ಲೇಖಕರ ಕಿರುಪರಿಚಯಗಳನ್ನು ಬರೆಯುವ ಗುಮಾಸ್ತಗಿರಿಯಂಥ ಕೆಲಸ. ತಾವು ಕೊಂಡ ಪುಸ್ತಕದ ಯಾವ ವಾಕ್ಯ ಯಾರದೆಂದು ಹುಡುಕಲು ಹೊರಡುವುದು ವ್ಯರ್ಥವಾದರೂ, ಲೇಖಕರ ಹೆಸರಿಲ್ಲವೆಂಬ ಕಾರಣಕ್ಕೆ ಅದನ್ನು ಅನಾಥ ಕೃತಿಯೆಂದು ಬಗೆಯಬೇಕಿಲ್ಲ.

ಇನ್ನು ಮೈಲಿಗಳ ಪಟ್ಟಿ. ಇಲ್ಲಿ ನಾನು ತಮ್ಮೊಡನೆ ಸಂಪೂರ್ಣವಾಗಿ ಭಿನ್ನಾಭಿಪ್ರಾಯ ಹೊಂದಿದ್ದೇನೆ. ಈ ಗ್ರಂಥಗಳ ಜೀವವಿರುವುದೇ ಆ ಪಟ್ಟಿಯಲ್ಲಿ ಎಂಬುದು ನನ್ನ ನಿಲುವು. ಈ ಮಾಲೆಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಭೂಗೋಳ, ಚರಿತ್ರೆ, ಕೃಷಿ, ಕಾರ್ಮಿಕರು, ಸಾಹಿತ್ಯ ಮುಂತಾದವುಗಳ ಮೇಲೆ ಪ್ರಬಂಧಗಳು, ಮುಖ್ಯ ನಗರಗಳ ವಿವರ, ಕೊನೆಗೆ ಹೆದ್ದಾರಿಗಳ ಗುಂಟ ಸಾಗುವ ಪ್ರವಾಸಗಳು. ಅದಕ್ಕೂ ಹಿಂದೆ ಅಮೆರಿಕಕ್ಕೆಂದು ಇದ್ದ ಪ್ರಸಿದ್ಧ ಮಾರ್ಗದರ್ಶಿಯು ಬೇಡೆಕರ್ ಸಂಸ್ಥೆ 1893ರಲ್ಲಿ ಹೊರತಂದು 1909ರಲ್ಲಿ ಕೊನೆಯದಾಗಿ ಪರಿಷ್ಕರಿಸಿದ ಪುಸ್ತಕವಾಗಿತ್ತು. ಅದು ರೈಲಿನ ಕಾಲದ್ದು. ರೈಲು ನಿಲ್ಲದ ಊರು ಅದರ ಲೆಕ್ಕಕ್ಕೆ ಬರುತ್ತಿದ್ದುದು ಅಪರೂಪ. 1926ರಲ್ಲಿ ಹೆದ್ದಾರಿಗಳಿಗೆ ದೇಶವ್ಯಾಪಿ ಸಂಖ್ಯೆಗಳು ಬಂದವು, 1930ರ ದಶಕದ ನಡುವೆ ಎರಡು ಕೋಟಿಗೂ ಮಿಕ್ಕಿ ಮೋಟಾರು ಕಾರುಗಳು ರಸ್ತೆಯಲ್ಲಿದ್ದವು. ಪ್ರವಾಸದ ಭಾಗದ ಸಂಪಾದಕಿಯಾಗಿದ್ದ ಕ್ಯಾಥರೀನ್ ಕೆಲಾಕ್ ಅವರು ಈ ಹೆದ್ದಾರಿಗಳನ್ನೇ ಗ್ರಂಥದ ಬೆನ್ನೆಲುಬಾಗಿ ಮಾಡಿದರು. ಉತ್ತರದಿಂದ ದಕ್ಷಿಣಕ್ಕೆ, ಪೂರ್ವದಿಂದ ಪಶ್ಚಿಮಕ್ಕೆ ಎಂಬ ನಿಯಮದಂತೆ, ಮೈಲಿಯ ಹತ್ತನೇ ಒಂದು ಭಾಗದವರೆಗೆ ಅಳೆದು, ದಾರಿಯಲ್ಲಿ ಕಂಡದ್ದನ್ನೆಲ್ಲ ದಾಖಲಿಸಬೇಕಾಗಿತ್ತು. (ಎದುರು ದಿಕ್ಕಿನಿಂದ ಬರುವ ಪ್ರಯಾಣಿಕನು ಪುಸ್ತಕವನ್ನು ಹಿಂದುಮುಂದಾಗಿ ಓದಬೇಕಾದ ಫಜೀತಿ ಇದ್ದೇ ಇತ್ತು.)

ಈ ಕಟ್ಟುಪಾಡಿನ ಪರಿಣಾಮವನ್ನು ಗಮನಿಸಿ. ರಾಜ್ಯದ ಚರಿತ್ರೆಯನ್ನು ಅಧ್ಯಾಯಗಳಾಗಿ ಬರೆಯುವವನು ಯುದ್ಧ, ಗವರ್ನರು, ಶಾಸನಗಳಿಂದ ಆರಂಭಿಸಿ ತನಗೆ ಮುಖ್ಯವೆನಿಸದ ಊರನ್ನು ಸದ್ದಿಲ್ಲದೆ ಬಿಡಬಲ್ಲ. ರಸ್ತೆಯ ಗುಂಟ ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಹನ್ನೆರಡನೇ ಮೈಲಿಯಲ್ಲಿ ಒಂದು ಊರಿದ್ದರೆ ಅದರ ಬಗ್ಗೆ ಏನಾದರೊಂದು ಹೇಳಲೇಬೇಕು: ಮುಚ್ಚಿಹೋದ ಗಣಿ, ವಲಸೆ ಬಂದವರ ಚರ್ಚು, ಮುಷ್ಕರ ನಡೆದ ಕಾರ್ಖಾನೆಯ ಗೇಟು, ಹೀಗೆ. ಫ್ಲಾರಿಡಾ ಮಾರ್ಗದರ್ಶಿಯಲ್ಲಿ (1939) ಈಟನ್‌ವಿಲ್ ಎಂಬ ಊರಿನ ವಿವರ ಬರುವುದು ಹೀಗೆ. ಅದು 1887ರಲ್ಲಿ ಕರಿಯ ಜನರೇ ಕಟ್ಟಿ, ತಮ್ಮದೇ ಪುರಸಭೆಯನ್ನು ಸ್ಥಾಪಿಸಿಕೊಂಡ ಊರು. ಆ ಊರಿನಲ್ಲೇ ಬೆಳೆದು, ಕಾದಂಬರಿಗಾರ್ತಿಯಾಗಿ ಆಗಲೇ ಹೆಸರು ಮಾಡಿದ್ದ ಜೋರಾ ನೀಲ್ ಹರ್ಸ್ಟನ್, ಕೈಯಲ್ಲಿ ಕಾಸಿಲ್ಲದೆ 1938ರಲ್ಲಿ ಫ್ಲಾರಿಡಾ ಕಚೇರಿಯ ಕೆಳದರ್ಜೆಯ ಹುದ್ದೆಗೆ, ಅದೂ ಕರಿಯರಿಗೆಂದೇ ಪ್ರತ್ಯೇಕಿಸಿದ್ದ ಘಟಕಕ್ಕೆ, ಸೇರಿದ್ದರು. ಪಕ್ಕದ ಮೇಟ್‌ಲೆಂಡ್ ಎಂಬ ಊರು ಒಂದು ಮೂಲೆಯವರೆಗೆ ಮೇಟ್‌ಲೆಂಡ್ ಆಗಿಯೇ ಇದ್ದು ಅಲ್ಲಿಂದ ಈಟನ್‌ವಿಲ್ ಆಗುತ್ತದೆಂದೂ, ಹಳದಿ ಬಣ್ಣ ಬಳಿದ ಒಂದು ಮನೆಯ ಮುಂದೆ ಗಟ್ಟಿರಸ್ತೆಯು ಸುಮಾರು ಒಂದು ಮೈಲಿಯ ಮಟ್ಟಿಗೆ ರಸ್ತೆಯಾಗಿರುವುದನ್ನು ಬಿಟ್ಟು ಊರಿನ ಹೃದಯವೇ ಆಗಿಬಿಡುತ್ತದೆಂದೂ ಆಕೆ ವರ್ಣಿಸುತ್ತಾರೆ. ಗಡಿ ಗುರುತಿಸುವ ಕಲ್ಲಿಲ್ಲ, ಫಲಕವಿಲ್ಲ. ಒಬ್ಬರ ಮನೆಯ ಬಣ್ಣವೇ ಗಡಿ. ಹೆದ್ದಾರಿಯಲ್ಲಿ ಸಾಗುವ ಪ್ರವಾಸಿಗೆ ಊರಿನ ಎಲ್ಲೆ ತಿಳಿಸುವ ನೆಪದಲ್ಲಿ ಊರಿನವಳು ಮಾತ್ರ ಹೇಳಬಹುದಾದ ಮಾತು ಒಳಗೆ ಸೇರಿಕೊಂಡಿದೆ. ಮೈಲಿಗಳ ಪಟ್ಟಿ ಇಲ್ಲದಿದ್ದರೆ ಇದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಸರ್ಕಾರದ ರಾಗ ಹಾಡಿದರೆಂಬ ತಮ್ಮ ಶಂಕೆಗೆ ಚರಿತ್ರೆ ಕೊಡುವ ಉತ್ತರ ವಿಚಿತ್ರವಾಗಿದೆ. ಕೇಂದ್ರದ ಹಣ ಸಂಬಳಕ್ಕೆ ಮಾತ್ರ. ಮುದ್ರಣಕ್ಕೆ ರಾಜ್ಯಗಳ ಪ್ರಾಯೋಜಕರನ್ನೂ ಖಾಸಗಿ ಪ್ರಕಾಶಕರನ್ನೂ ಹುಡುಕಬೇಕಿತ್ತು. ಹೀಗಾಗಿ ಯಜಮಾನರು ಒಬ್ಬರಲ್ಲ, ಹಲವರು, ಮತ್ತು ಅವರ ನಡುವೆ ಜಗಳವೇ ಜಗಳ. ರಾಜ್ಯಗಳ ಪೈಕಿ ಮೊದಲು, 1937ರ ಜನವರಿಯಲ್ಲಿ, ಹೊರಬಂದದ್ದು ಐಡಹೊ ಗ್ರಂಥ. ದೇಶದ ರಾಜಧಾನಿಯ ಗ್ರಂಥವೇ ಮೊದಲು ಬರಲೆಂದು ವಾಷಿಂಗ್ಟನ್ ಕಚೇರಿ ಪಟ್ಟುಹಿಡಿದರೂ ಐಡಹೊ ಕಚೇರಿಯ ನಿರ್ದೇಶಕರಾಗಿದ್ದ ಕಾದಂಬರಿಕಾರ ವಾರ್ಡಿಸ್ ಫಿಷರ್ ಕೇಳಲಿಲ್ಲ. ಅವರನ್ನು ತಡೆಯಲು ಬಂದ ಅಧಿಕಾರಿಗೆ ಚೆನ್ನಾಗಿ ಕುಡಿಸಿ ವಾಪಸು ರೈಲು ಹತ್ತಿಸಲಾಯಿತೆಂಬ ಕಥೆಯೂ ಪ್ರಚಾರದಲ್ಲಿದೆ. ಆ ಬಳಿಕ ಬಂದ ರಾಜಧಾನಿಯ ಗ್ರಂಥವು 1,100 ಪುಟಗಳನ್ನು ಮೀರಿತು; ಇದರ ಜೊತೆಗೆ ಬರಬೇಕಾದ ಪೆಟ್ಟಿಗೆ ಎಲ್ಲಿ ಎಂದು ರೂಸ್‌ವೆಲ್ಟ್ ಕೇಳಿದರಂತೆ.

ಅದೇ ವರ್ಷದ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್ ಗ್ರಂಥ ಬಂತು. ಗವರ್ನರ್ ಚಾರ್ಲ್ಸ್ ಹರ್ಲಿ ಅದನ್ನು ಹರ್ಷದಿಂದಲೇ ಸ್ವೀಕರಿಸಿದರು. ಕೂಡಲೇ ಪತ್ರಿಕೆಯವರು ಸಾಲುಗಳನ್ನು ಎಣಿಸಿದರು: ಕೊಲೆ ಆರೋಪದ ಮೇಲೆ 1927ರಲ್ಲಿ ಮರಣದಂಡನೆಗೆ ಗುರಿಯಾದ ಇಟಲಿ ಮೂಲದ ಅರಾಜಕತಾವಾದಿಗಳಾದ ಸ್ಯಾಕೊ ಮತ್ತು ವ್ಯಾಂಜೆಟ್ಟಿ ಅವರ ಮೊಕದ್ದಮೆಗೆ 41 ಸಾಲು, ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ನಾಂದಿಯಾದ ಬಾಸ್ಟನ್ ಟೀ ಪಾರ್ಟಿ ಮತ್ತು ಬಾಸ್ಟನ್ ಹತ್ಯಾಕಾಂಡ ಎರಡಕ್ಕೂ ಸೇರಿಸಿ 14 ಸಾಲು. ದೊಡ್ಡ ಗದ್ದಲವೆದ್ದಿತು. ಪುಸ್ತಕವನ್ನು ಸಾರ್ವಜನಿಕವಾಗಿ ಸುಡಬೇಕೆಂದು ಮಾಜಿ ಗವರ್ನರೊಬ್ಬರು ಹೇಳಿದರು. ಆ ಗದ್ದಲದಿಂದಲೇ ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಮರುವರ್ಷ ಕಾಂಗ್ರೆಸ್ ಸದಸ್ಯ ಮಾರ್ಟಿನ್ ಡೀಸ್ ನೇತೃತ್ವದ ಸಮಿತಿಯು ಇಡೀ ಯೋಜನೆಯನ್ನೇ ಕಮ್ಯುನಿಸ್ಟರ ಬೀಡೆಂದು ವಿಚಾರಣೆಗೆ ಎಳೆಯಿತು. 1939ರಲ್ಲಿ ಯೋಜನೆಯನ್ನು ರಾಜ್ಯಗಳ ಪ್ರಾಯೋಜಕತ್ವಕ್ಕೆ ಒಪ್ಪಿಸಲಾಯಿತು, ಆಲ್ಸ್‌ಬರ್ಗ್ ಹೊರನಡೆಯಬೇಕಾಯಿತು. ಸರ್ಕಾರವನ್ನು ಹೊಗಳುವುದಕ್ಕಾಗಿಯೇ ಬರೆದ ಗ್ರಂಥಗಳಾಗಿದ್ದರೆ ಸರ್ಕಾರದವರೇ ಅವುಗಳ ಮೇಲೆ ಇಷ್ಟು ಹರಿಹಾಯುವ ಅಗತ್ಯವಿರಲಿಲ್ಲ. ಅಷ್ಟರ ನಡುವೆಯೂ ಆಗಿದ್ದ 48 ರಾಜ್ಯಗಳ ಗ್ರಂಥಗಳು 1941ರ ಹೊತ್ತಿಗೆ ಪೂರ್ಣಗೊಂಡವು. ಯೋಜನೆಯೇ 1943ರಲ್ಲಿ ಮುಗಿಯಿತು.

ಆದರೆ ತಮ್ಮ ಶಂಕೆಗೆ ಬೇರೊಂದು ಕಡೆಯಲ್ಲಿ ಬಲವಾದ ಆಧಾರವಿದೆ, ಅದನ್ನು ನಮ್ಮ ಲೇಖನ ಹಗುರವಾಗಿ ದಾಟಿಹೋಯಿತೆಂಬುದನ್ನು ಒಪ್ಪಬೇಕು. ಬಿಡುವುದು, ಸೇರಿಸುವುದು ಯಾರ ಕೈಯಲ್ಲಿತ್ತು? ದಕ್ಷಿಣದ ರಾಜ್ಯಗಳ ಕಚೇರಿಗಳು ಬಿಳಿಯರ ಕೈಯಲ್ಲಿದ್ದವು. ಕರಿಯ ಜನರ ವಿಷಯಗಳ ಸಂಪಾದಕರಾಗಿ ವಾಷಿಂಗ್ಟನ್ ಕಚೇರಿಯಲ್ಲಿದ್ದ ಕವಿ ಸ್ಟರ್ಲಿಂಗ್ ಬ್ರೌನ್ ಅವರು ಈ ಕಚೇರಿಗಳ ಕರಡುಗಳಲ್ಲಿ ಕರಿಯರ ಬದುಕನ್ನು ಬಿಟ್ಟುಬಿಟ್ಟದ್ದನ್ನೂ ಅಥವಾ ಅವರನ್ನು ಹಾಡಿ ಕುಣಿಯುವ ಸಂತೃಪ್ತ ಜನರನ್ನಾಗಿ ಚಿತ್ರಿಸಿದ್ದನ್ನೂ ತಿದ್ದಿಸಲು ಸತತವಾಗಿ ಹೆಣಗಿದರು. ಎಲ್ಲ ಕಡೆ ಗೆಲ್ಲಲಿಲ್ಲ. ಅವರು ಬಯಸಿದ ಬಗೆಯ ಬರವಣಿಗೆ ನೋಡಬೇಕಾದರೆ ರಾಜಧಾನಿಯ ಗ್ರಂಥದಲ್ಲಿ ಅವರೇ ಬರೆದ ಪ್ರಬಂಧವನ್ನೂ, ಹ್ಯಾಂಪ್ಟನ್ ವಿದ್ಯಾಸಂಸ್ಥೆಯ ರಾಸ್ಕೊ ಲೂಯಿಸ್ ಅವರ ಮೇಲ್ವಿಚಾರಣೆಯಲ್ಲಿ ಕರಿಯ ಸಂಶೋಧಕರು ಸಿದ್ಧಪಡಿಸಿ 1940ರಲ್ಲಿ ಪ್ರಕಟವಾದ ವರ್ಜೀನಿಯದ ಕರಿಯರ ಚರಿತ್ರೆಯನ್ನೂ ಓದಬೇಕು.

ಬರೆದುಕೊಳ್ಳುವವರು ಯಾರೆಂಬುದು ಎಷ್ಟು ವ್ಯತ್ಯಾಸ ಮಾಡುತ್ತದೆಂಬುದಕ್ಕೆ ಇದೇ ಯೋಜನೆಯ ಮತ್ತೊಂದು ಕೆಲಸದಲ್ಲಿ ಕಣ್ಣಿಗೆ ಹೊಡೆಯುವ ಸಾಕ್ಷ್ಯವಿದೆ. ಹಿಂದೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ವೃದ್ಧರ ಹೇಳಿಕೆಗಳನ್ನು ಈ ಕಾರ್ಯಕರ್ತರು ಸಂಗ್ರಹಿಸಿದರು. ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನಲ್ಲಿ ಸೂಸನ್ ಹ್ಯಾಮ್ಲಿನ್ ಎಂಬ ನೂರು ದಾಟಿದ ವೃದ್ಧೆಯನ್ನು ಒಬ್ಬ ಬಿಳಿಯ ಮಹಿಳೆಯೂ ಒಬ್ಬ ಕರಿಯ ಸಂದರ್ಶಕರೂ ಬೇರೆಬೇರೆಯಾಗಿ ಮಾತನಾಡಿಸಿದರು. ಬಿಳಿಯ ಮಹಿಳೆಯ ಬರಹದಲ್ಲಿ ಆಕೆಯ ಯಜಮಾನ ದಯಾಳು. ಕರಿಯ ಸಂದರ್ಶಕರ ಬರಹದಲ್ಲಿ ಚಾಟಿಯೇಟು, ಮಾರಾಟದಲ್ಲಿ ಅಗಲಿದ ತಾಯಿಮಕ್ಕಳು, ಅವರ ಗೋಳು. ಅದೇ ನಗರ, ಅದೇ ಮುದುಕಿ. ಮಾರ್ಗದರ್ಶಿಯ ಯಾವುದಾದರೂ ಪುಟ ಅತಿಯಾದ ಸೌಮ್ಯದಿಂದ ಒಂದು ತೋಟದ ಬಂಗಲೆಯನ್ನು ವರ್ಣಿಸಿದಾಗ ಓದುಗರು ಈ ಎರಡು ಹೇಳಿಕೆಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗೆಜೆಟಿಯರಿನ ಹೋಲಿಕೆ ಕುರಿತು ಹೆಚ್ಚು ಬೆಳೆಸುವುದಿಲ್ಲ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ (1876–78, ಪರಿಷ್ಕೃತ 1897) ಆಗಲಿ, ಹಯವದನರಾಯರ ಸಂಪುಟಗಳಾಗಲಿ (1927–30) ಪಾಂಡಿತ್ಯದಲ್ಲಿ ಈ ಮಾರ್ಗದರ್ಶಿಗಳಿಗಿಂತ ಎಷ್ಟೋ ಮೇಲು. ಶಾಸನಗಳನ್ನು ಓದಬಲ್ಲ ಒಬ್ಬ ವಿದ್ವಾಂಸನ ಶಿಸ್ತು ಅಲ್ಲಿದೆ. ಆದರೆ ಅವುಗಳನ್ನು ರೂಪಿಸಿದ್ದು ಆಡಳಿತ ನಡೆಸುವವರಿಗಾಗಿ. ತಾಲ್ಲೂಕಿನ ವಿಸ್ತೀರ್ಣ, ಕಂದಾಯ, ಮಳೆ, ಜಾತಿವಾರು ಜನಸಂಖ್ಯೆ ಇವು ಅಧಿಕಾರಿಗೆ ಬೇಕಾದ ಕ್ರಮದಲ್ಲಿ ಬರುತ್ತವೆ. ಆ ಊರಿಗೆ ಯಾವ ದಾರಿಯಲ್ಲಿ ಹೋದರೆ ಮೊದಲು ಏನು ಕಾಣುತ್ತದೆ, ಅಲ್ಲಿಯವರು ತಮ್ಮ ಊರಿನ ಬಗ್ಗೆ ಏನು ಹೇಳಿಕೊಳ್ಳುತ್ತಾರೆ ಎಂಬುದು ಅದರ ಉದ್ದೇಶವಲ್ಲ. ಎರಡರ ಗುರಿ ಬೇರೆಯಾದ್ದರಿಂದ ಒಂದನ್ನು ತೋರಿಸಿ ಇನ್ನೊಂದನ್ನು ತೆಗಳುವುದು ನ್ಯಾಯವಾಗಲಾರದು.

ಪತ್ರದ ಕೊನೆಯಲ್ಲಿ, ಇಷ್ಟಾದರೂ ಮತ್ತೊಂದು ರಾಜ್ಯದ ಗ್ರಂಥ ಕೊಳ್ಳುವುದಾದರೆ ಯಾವ ಆವೃತ್ತಿ ಎಂದು ಕೇಳಿದ್ದೀರಿ. ಎರಡನೇ ಮಹಾಯುದ್ಧದ ನಂತರ ಕೆಲವು ರಾಜ್ಯಗಳ ಪರಿಷ್ಕೃತ ಆವೃತ್ತಿಗಳು ಬಂದವು. ಅವುಗಳಲ್ಲಿ ರಸ್ತೆಗಳನ್ನೂ ಅಂಕಿಅಂಶಗಳನ್ನೂ ಹೊಸದಾಗಿಸಲಾಗಿದೆ. ನನ್ನ ಸಲಹೆ ಮೂಲ ಆವೃತ್ತಿಯ ಪರವಾಗಿದೆ. 1956ರ ಕಾಯಿದೆಯ ಬಳಿಕ ಬಂದ ಅಂತರರಾಜ್ಯ ಹೆದ್ದಾರಿಗಳು ಹಳೆಯ ಊರುಗಳನ್ನು ಬದಿಗೆ ಸರಿಸಿ ಹಾದುಹೋದವಾದ್ದರಿಂದ, ಆ ಊರುಗಳ ಮಧ್ಯದಿಂದಲೇ ದಾರಿ ಹೋಗುತ್ತಿದ್ದಾಗಿನ ವಿವರ ಮೂಲದಲ್ಲೇ ಸಿಗುತ್ತದೆ. ಹಲವು ಗ್ರಂಥಗಳ ಹಿಂಬದಿಯ ರಟ್ಟಿಗೆ ಅಂಟಿಸಿದ ಲಕೋಟೆಯಲ್ಲಿ ಮಡಚಿದ ರಾಜ್ಯದ ನಕ್ಷೆ ಇರುತ್ತದೆ. ಹಣ ಕೊಡುವ ಮೊದಲು ಅದು ಇದೆಯೇ ಎಂದು ನೋಡಿಕೊಳ್ಳಿ. ನಕ್ಷೆಯಿಲ್ಲದೆ ಪ್ರವಾಸದ ಭಾಗವನ್ನು ಅನುಸರಿಸುವುದು ಕಷ್ಟ, ಇಲ್ಲದ ಪ್ರತಿಗೆ ಹೆಚ್ಚು ಬೆಲೆ ತೆರಬೇಕಾಗಿಯೂ ಇಲ್ಲ. ಕೊಳ್ಳುವುದು ಬೇಡವೆನಿಸಿದರೆ ಬಹಳಷ್ಟು ಗ್ರಂಥಗಳು ಡಿಜಿಟಲ್ ಗ್ರಂಥಾಲಯಗಳಲ್ಲಿ ಉಚಿತವಾಗಿ ಲಭ್ಯವಿವೆ. ಇಲಿನಾಯ್ ಗ್ರಂಥವನ್ನು ಮಾತ್ರ ಮಾರಿಬಿಡಬೇಡಿ. ಮುಂದಿನ ಬಾರಿ ತಮ್ಮ ರಾಜ್ಯದ ಗಲೀನಾ ಊರಿನ ಕಡೆಗೋ ನೌವೂ ಊರಿನ ಕಡೆಗೋ ಹೊರಟಾಗ ಅದರ ಪ್ರವಾಸದ ಪುಟಗಳನ್ನು ಜೊತೆಗಿಟ್ಟುಕೊಂಡು ಹಳೆಯ ಹೆದ್ದಾರಿಯಲ್ಲೇ ಹೋಗಿ ನೋಡಿ. ಪಟ್ಟಿಯಲ್ಲಿರುವ ಊರುಗಳಲ್ಲಿ ಯಾವುವು ಉಳಿದಿವೆ, ಯಾವುವು ಇಲ್ಲ ಎಂಬುದನ್ನು ಬರೆದು ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ